ನಡೆದು ಬಂದ ಓದುಗರು

ಓದದೆ ಸಹಿ ಹಾಕುವುದರಲ್ಲಿ ನನ್ನಷ್ಟು ನಿಸ್ಸೀಮ ಚಳ್ಳಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಾರ. ಮಕ್ಕಳ ಪ್ರಗತಿಪತ್ರ, ಗ್ಯಾಸಿನ ಅರ್ಜಿ, ಯಾರೋ ಚಾಚಿದ ಮನವಿಪತ್ರ, ಯಾವುದೇ ಇರಲಿ, ಹಾಳೆ ಕಂಡರೆ ಸಾಕು, ಕೈ ತಾನಾಗಿಯೇ ಕೆಳಗಿನ ಬಲಮೂಲೆಗೆ ಹೋಗುತ್ತದೆ. ಒಮ್ಮೆ ನಮ್ಮ ಕಾಲೇಜಿನ ಅಧ್ಯಾಪಕರೆಲ್ಲ ಸೇರಿ, ಗ್ರಂಥಾಲಯದಲ್ಲಿ ಫ್ಯಾನು ಕಡಿಮೆ, ಗ್ರಂಥಪಾಲಕರ ಗಮನ ಇನ್ನೂ ಕಡಿಮೆ ಎಂದು ಪ್ರಾಂಶುಪಾಲರಿಗೆ ದೂರು ಬರೆದರು. ಅದರಲ್ಲಿ ಮೂರನೆಯ ಸಹಿ ನನ್ನದೇ. ಹೇಳಿಕೊಳ್ಳಲು ನಾಚಿಕೆ, ಏಕೆಂದರೆ ಆ ಗ್ರಂಥಪಾಲಕ ನಾನು. ಓದಿ, ಓದಿ ಎಂದು ಬೇರೆಯವರಿಗೆ ಹೇಳುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದವನು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಮ್ಮ ಪ್ರಾಂಶುಪಾಲರು ಬೆಂಗಳೂರಿನಲ್ಲಿ ಎರಡು ದಿನದ ಕಾರ್ಯಾಗಾರ ಮುಗಿಸಿಕೊಂಡು ಹೊಸ ಮನುಷ್ಯರಾಗಿ ಬಂದರು. “ರೀ, ಇನ್ನು ಈ ಕಾಗದದ ಜರ್ನಲ್‌ಗಳೆಲ್ಲ ಸಾಕು. ಎಲ್ಲಾ ಇ-ಜರ್ನಲ್ ಮಾಡಿಬಿಡಿ” ಎಂದರು. ಹುಳಿ ಸಾಕು, ಇನ್ನು ಮೇಲೆ ಮಜ್ಜಿಗೆ ಬಡಿಸಿ ಎನ್ನುವಷ್ಟು ಸುಲಭವಾಗಿ. ವಾರ ಕಳೆಯುವುದರಲ್ಲಿ ಕಂಪನಿಯ ಪ್ರತಿನಿಧಿಯೊಬ್ಬ ಟೈ ಕಟ್ಟಿಕೊಂಡು ಬಂದ. ನಮ್ಮೂರ ಏಪ್ರಿಲ್ ಬಿಸಿಲಿಗೆ ಆ ಟೈ ಹತ್ತೇ ನಿಮಿಷದಲ್ಲಿ ಅವನ ಜೇಬು ಸೇರಿತು. “ಇದು ಖರೀದಿಯಲ್ಲ ಸಾರ್. ಚಂದಾ ಕಟ್ಟಿದ ವರ್ಷ ಓದೋಕೆ ಪರವಾನಗಿ ಅಷ್ಟೆ. ನಿಮ್ಮ ಕಾಲೇಜಿನ ಇಂಟರ್‌ನೆಟ್‌ಗೆ ಒಂದು ನಂಬರ್ ಇರುತ್ತಲ್ಲ, ಆ ನಂಬರಿಂದ ಕೇಳಿದರೆ ಮಾತ್ರ ಜರ್ನಲ್ ತೆರೆಯುತ್ತೆ” ಎಂದು ವಿವರಿಸಿದ. ನಾನು ತಲೆಯಾಡಿಸಿದೆ. ನನಗಿಂತ ಮೊದಲು ಅರ್ಥವಾದದ್ದು ನಮ್ಮ ಅಟೆಂಡರ್ ಓಬಯ್ಯನಿಗೆ. ಅವನು ನನಗಿಂತ ಹಿರಿಯ. ಮೂವತ್ತು ವರ್ಷ ಆ ಕಪಾಟುಗಳ ದೂಳು ಕುಡಿದವನು.

“ಅಂದ್ರೆ ಬಾಡಿಗೆ ಮನೆ ಇದ್ದಂಗೆ ಅನ್ರಿ ಸಾರ್. ಇರೋತನಕ ನಮ್ದು, ಬಿಟ್ ಮೇಲೆ ಸುಣ್ಣ ಹೊಡೆದ ಗೋಡೆನೂ ನಮ್ದಲ್ಲ.”

“ಸುಮ್ನಿರಪ್ಪ” ಎಂದು ಗದರಿಸಿ, ಪ್ರತಿನಿಧಿ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಕರಾರಿಗೆ ಇಪ್ಪತ್ತೆರಡು ಪುಟ. ನಾನು ಓದಿದ್ದು ನನ್ನ ಹೆಸರಿನ ಕಾಗುಣಿತವನ್ನು ಮಾತ್ರ. ಅದೂ ತಪ್ಪಾಗಿತ್ತು.

ಓದದ ಕರಾರಿನ ಭಯ ಓದಿದ ಕರಾರಿನ ಭಯಕ್ಕಿಂತ ದೊಡ್ಡದು. ಪ್ರತಿನಿಧಿ ಹೋಗುವಾಗ, “ಹೊರಗಿನವರ ಕೈಗೆ ಪಾಸ್‌ವರ್ಡು ಗೀಸ್‌ವರ್ಡು ಕೊಡಬೇಡಿ ಸಾರ್” ಎಂದಿದ್ದ. ಆ ಒಂದು ಮಾತನ್ನೇ ಹಿಡಿದುಕೊಂಡು ನಾನು ಕಂಪ್ಯೂಟರಿನ ಮೇಲೆ “ಹೊರಗಿನವರಿಗೆ ಅವಕಾಶವಿಲ್ಲ” ಎಂದು ದಪ್ಪಕ್ಷರದಲ್ಲಿ ಚೀಟಿ ಅಂಟಿಸಿದೆ. ನಿವೃತ್ತ ಪಶುವೈದ್ಯರೊಬ್ಬರು ವರವು ಕಾವಲೆಂಬ ಹುಲ್ಲುಗಾವಲಿನ ಅಮೃತಮಹಲ್ ದನಗಳ ಬಗ್ಗೆ ಏನೋ ನೋಡಬೇಕೆಂದು ಬಂದರು, ಆಗುವುದಿಲ್ಲವೆಂದೆ. ನನ್ನಿವಾಳದ ಮೇಷ್ಟ್ರೊಬ್ಬರು ಬಂದರು. ಅವರಿಗೂ ಅದೇ ಮಾತು. ಒಳಗೊಳಗೇ ನನಗೆ ಖಜಾನೆಯ ಕಾವಲುಗಾರನ ಗತ್ತು ಬಂದಿತ್ತು. ನಮ್ಮ ಕಾಲೇಜಿನವರು ಯಾರೂ ಆ ಖಜಾನೆಯ ಕಡೆ ತಲೆ ಹಾಕುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಹೀಗಿರುವಾಗ ಒಂದು ಬೆಳಿಗ್ಗೆ ಐವತ್ತೈದರ ಹೆಂಗಸೊಬ್ಬರು ಬಂದು ನನ್ನ ಮೇಜಿನ ಮುಂದೆ ನಿಂತರು. ಮುಂಗೈವರೆಗೂ ಕೆಂಪು, ಉಗುರು ಮಾತ್ರ ನೀಲಿ. ಮೊಳಕಾಲ್ಮೂರಿನವರು, ಹೆಸರು ಲಕ್ಷ್ಮೀದೇವಮ್ಮ, ಸೀರೆ ನೇಯುವವರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುವುದು ಅವರ ಕಸುಬು. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ನಮ್ಮ ರಸಾಯನಶಾಸ್ತ್ರದ ಮೇಡಂ ಒಂದು ಇಂಗ್ಲಿಷ್ ಲೇಖನದ ಹೆಸರು ಬರೆದುಕೊಟ್ಟು, ತಾವು ಮೌಲ್ಯಮಾಪನಕ್ಕೆಂದು ದಾವಣಗೆರೆಗೆ ಹೋಗಿಬಿಟ್ಟಿದ್ದರು.

“ಇದು ನಿಮ್ತಾವ ಐತಂತೆ ಸಾರ್.”

“ಐತಮ್ಮ. ಆದ್ರೆ ಹೊರಗಿನವರಿಗೆ ಕೊಡೋ ಹಾಗಿಲ್ಲ.”

ಅವರು ಚೀಲದಿಂದ ಬಿಳಿ ಬಟ್ಟೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಅದರ ಮೇಲೆಲ್ಲ ಕೆಂಪು ಕಲೆ. ಮೂವತ್ತು ವರ್ಷದಿಂದ ಲಕ್ಷ್ಮೀದೇವಮ್ಮನ ಕೆಂಪು ಎಂದರೆ ಸೀರೆ ಹರಿದರೂ ಬಣ್ಣ ಹೋಗದು ಎಂಬ ಮಾತಿತ್ತಂತೆ. ಈ ವರ್ಷ ಅದೇ ಪುಡಿ, ಅದೇ ಹಂಡೆ, ಅದೇ ಕೈ. ಆದರೆ ಬಣ್ಣ ನಿಲ್ಲುತ್ತಿಲ್ಲ. ಮದುವೆಯ ಸೀರೆಯೊಂದರ ಕೆಂಪಂಚು ಮೊದಲ ಒಗೆತಕ್ಕೇ ಹಾಲುಬಿಳಿ ಒಡಲಿಗೆ ಇಳಿದು, ಮದುಮಗಳು ಅತ್ತಳಂತೆ. ಎರಡು ಮನೆಯವರು ಆಗಲೇ ಬೇರೆ ಕಡೆ ಬಣ್ಣ ಹಾಕಿಸತೊಡಗಿದ್ದರು.

“ಬಿಟ್ ಹೋಗಿದ್ದಕ್ಕೆ ಸಿಟ್ಟಿಲ್ಲ ಸಾರ್. ಯಾಕೆ ಹಿಂಗಾತು ಅಂತ ಗೊತ್ತಾಗಬೇಕು. ನನ್ನ ಕೈಯೇ ನನಗೆ ಸುಳ್ಳು ಹೇಳ್ದಂಗೆ ಆಗೈತೆ” ಎಂದು ಬಟ್ಟೆಯ ಕಲೆಯ ಮೇಲೆ ಬೆರಳಾಡಿಸಿದರು. ಆಮೇಲೆ, “ಪುಸ್ತಕ ಆಗಿದ್ರೆ ಕೊಡ್ತಿದ್ರಾ?” ಎಂದರು.

“ಪುಸ್ತಕವಾಗಿದ್ದರೆ ಯಾರು ಬೇಕಾದರೂ ಇಲ್ಲೇ ಕೂತು ಓದಬಹುದಿತ್ತಮ್ಮ. ಮೊದಲು ಕಾಗದದಲ್ಲೇ ಬರ್ತಿತ್ತು.”

“ಈಗ ಏನಾತು?”

“ನಿಲ್ಸಿದ್ವಿ.”

“ಯಾರು ನಿಲ್ಸಿದ್ರು?”

ಪ್ರಾಂಶುಪಾಲರ ಹೆಸರು ಹೇಳೋಣವೆನಿಸಿತು. ಆದರೆ ಓಬಯ್ಯ ಅಲ್ಲೇ ನಿಂತಿದ್ದ. “ನಾನೇ” ಎಂದೆ. ಅವರು ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ ಚೀಲಕ್ಕೆ ಹಾಕಿಕೊಂಡು, “ಬರ್ತೀನಿ ಸಾರ್” ಎಂದು ಹೊರಟರು. ಬೈದಿದ್ದರೆ ವಾಸಿಯಿತ್ತು. ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಮೊಸರನ್ನದ ಮೇಲೆ ದಾಳಿಂಬೆ ಕಾಳು. ಬಿಳಿಯ ಮೇಲಿನ ಆ ಕೆಂಪನ್ನು ನೋಡಲಾಗದೆ ಮುಚ್ಚಿಟ್ಟೆ.

ಸಂಜೆಯ ಹೊತ್ತಿಗೆ ಕಪಾಟಿನಿಂದ ಕರಾರನ್ನೂ ದೊಡ್ಡ ನಿಘಂಟನ್ನೂ ಇಳಿಸಿದೆ. ಸರ್ವಿಸಿನಲ್ಲಿ ಮೊದಲ ಬಾರಿಗೆ ಗ್ರಂಥಪಾಲಕರು ಗ್ರಂಥಾಲಯದಲ್ಲಿ ಓದುತ್ತಿದ್ದಾರೆಂದು ಓಬಯ್ಯ ಕೇಳದೆಯೇ ಟೀ ತಂದಿಟ್ಟ. ಒಂದೊಂದು ವಾಕ್ಯವೂ ಅರ್ಧ ಪುಟ. ಕರ್ತೃಪದ ತಳಕು ಊರಿನಲ್ಲಿದ್ದರೆ ಕ್ರಿಯಾಪದ ಎಷ್ಟೋ ಮೈಲಿ ಆಚೆ ಹಾನಗಲ್ಲಿನಲ್ಲಿ. ಎರಡು ದಿನ ತಿಣುಕಿದ ಮೇಲೆ ಹನ್ನೊಂದನೆಯ ಪುಟದಲ್ಲಿ ಬೆವರಿದೆ. ಕಾಲೇಜಿನವರಲ್ಲದಿದ್ದರೂ ಗ್ರಂಥಾಲಯಕ್ಕೆ ನಡೆದು ಬಂದ ಯಾರೇ ಆಗಲಿ, ಅಲ್ಲಿನ ಕಂಪ್ಯೂಟರಿನಲ್ಲಿ ಓದಬಹುದು, ತಮ್ಮ ಸ್ವಂತ ಉಪಯೋಗಕ್ಕೆ ಒಂದು ಪ್ರತಿ ಮುದ್ರಿಸಿಕೊಂಡು ಹೋಗಬಹುದು ಎಂದು ಸ್ಪಷ್ಟವಾಗಿ ಬರೆದಿತ್ತು. ಕಂಪನಿ ತೆರೆದಿಟ್ಟ ಬಾಗಿಲಿಗೆ ನಾನು ನನ್ನ ಸ್ವಂತ ಬೀಗ ಜಡಿದಿದ್ದೆ. ಪಶುವೈದ್ಯರೂ ನನ್ನಿವಾಳದ ಮೇಷ್ಟ್ರೂ ಕಣ್ಣ ಮುಂದೆ ಸಾಲಾಗಿ ಬಂದು ನಿಂತರು. ಎದ್ದು ಹೋಗಿ ಚೀಟಿ ಕಿತ್ತೆ. ಗೋಂದು ಗಟ್ಟಿಯಿತ್ತು, “ಹೊರಗಿನವರಿಗೆ ಅವಕಾಶ” ಎಂಬುದು ಅಲ್ಲೇ ಉಳಿದು “ವಿಲ್ಲ” ಮಾತ್ರ ಕೈಗೆ ಬಂತು. ಅಷ್ಟೇ ಸಾಕೆಂದು ಬಿಟ್ಟೆ.

ಮರುದಿನ ರಜೆ ಹಾಕಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಬಣ್ಣದ ಮನೆ ಎಂದರೆ ಯಾರು ಬೇಕಾದರೂ ತೋರಿಸಿದರು. ಲಕ್ಷ್ಮೀದೇವಮ್ಮ ನನ್ನನ್ನು ಕಂಡು ಗಾಬರಿಯಾಗಿ, ಪಕ್ಕದ ಮನೆಯವರಿಗೆ ತೆಲುಗಿನಲ್ಲಿ “ಸಾರುಕಿ ಮಂಚಿನೀಳ್ಳು ತೀಸ್ಕೊನಿ ರಾ” ಎಂದು ನೀರು ತರಲು ಕೂಗಿ ಹೇಳಿದರು. ನಾನು ವಿಷಯ ತಿಳಿಸಿದೆ.

“ಅಷ್ಟು ದೂರದಿಂದ ಬಂದೀರಿ, ಆ ಕಾಗದಾನೇ ತಂದಿದ್ರೆ ಆಗ್ತಿರಲಿಲ್ವಾ ಸಾರ್?”

ಕರಾರನ್ನು ಮೊದಲ ಬಾರಿ ಓದಿದವನ ಭಕ್ತಿಯೇ ಬೇರೆ. “ಆಗಲ್ಲಮ್ಮ. ಕರಾರಿನ ಪ್ರಕಾರ ನೀವೇ ನಡೆದು ಬರಬೇಕು” ಎಂದೆ.

ಅವರು ಕೆಂಪು ಕೈಯನ್ನು ಗಲ್ಲಕ್ಕಿಟ್ಟುಕೊಂಡರು. “ಅಯ್ಯೋ ದೇವ್ರೆ, ಚಳ್ಳಕೆರೆಗಾ? ಬಸ್ಸಿಗೆ ಬಂದ್ರೆ ಒಪ್ಪಲ್ವಾ ಅವ್ರು?”

ಮರುದಿನ ಬಸ್ಸಿಗೇ ಬಂದರು. ಕುರ್ಚಿಯ ಮೇಲೆ ಕೂರಿಸಿ, ಗತ್ತಿನಿಂದ ಲೇಖನದ ಹೆಸರು ಒತ್ತಿದೆ. ಪರದೆಯ ಮೇಲೆ ಒಂದೇ ಸಾಲು ಬಂತು.

“ಏನಂತೆ ಸಾರ್?”

“ನನಗೂ ಅನುಮತಿ ಇಲ್ಲವಂತೆ.”

“ಹಂಗಾದ್ರೆ ಬರ್ರಿ, ಇಬ್ರೂ ಹೊರಗೆ ಬೆಂಚಿನ ಮ್ಯಾಲೆ ಕೂತ್ಕಳಾನ” ಎಂದು ನಕ್ಕರು. ಆಮೇಲೆ ತಿಳಿಯಿತು: ನಾನು ರಜೆಯಲ್ಲಿದ್ದ ದಿನ ನಮ್ಮ ಮೋಡೆಮ್ ಸುಟ್ಟು, ಯಾರೋ ಆಫೀಸಿನ ಲೈನನ್ನು ಇಲ್ಲಿಗೆ ಎಳೆದಿದ್ದರು. ಲೈನು ಬದಲಾಗಿ ನಂಬರೂ ಬದಲಾಗಿತ್ತು. ಕಂಪನಿಯ ಲೆಕ್ಕದಲ್ಲಿ ನಾವು ಈಗ ಯಾರೋ ದಾರಿಹೋಕರು. ಫೋನಿನ ಮೇಲೆ ಫೋನು ಮಾಡಿ ಹೊಸ ನಂಬರು ಬರೆಸಿದೆ. ಮಧ್ಯಾಹ್ನದ ಹೊತ್ತಿಗೆ ಆಗುತ್ತದೆಂದರು. ಅಲ್ಲಿಯವರೆಗೆ ನಿಜಕ್ಕೂ ಬೆಂಚಿನ ಮೇಲೆ ಕೂತು, ಅವರು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ನಾನು, ಓಬಯ್ಯ ಇಬ್ಬರೂ ತಿಂದೆವು. ಮಾತಿನ ನಡುವೆ ಹಳೆಯ ಬಾವಿ ಬತ್ತಿ ಹೋದದ್ದು, ಈ ಬೇಸಿಗೆಯಿಂದ ಬಣ್ಣಕ್ಕೆ ಹೊಸ ಬೋರಿನ ನೀರು ಬಳಸುತ್ತಿರುವುದು ಎಲ್ಲ ಬಂತು. ನಾನು ಚಟ್ನಿಯ ಮೇಲೆ ಗಮನವಿಟ್ಟಿದ್ದೆ.

ಮೂರು ಗಂಟೆಗೆ ಲೇಖನ ತೆರೆಯಿತು. ನಿಘಂಟು ತೊಡೆಯ ಮೇಲಿಟ್ಟುಕೊಂಡು ಸಾಲುಸಾಲಾಗಿ ಕನ್ನಡದಲ್ಲಿ ಹೇಳತೊಡಗಿದೆ. “ಗಡಸು ನೀರಿನಲ್ಲಿರುವ ಲವಣಗಳು... ಬಣ್ಣದ ನೀರಿನ ಆಮ್ಲವನ್ನು... ಅಂದರೆ ಹುಳಿಯನ್ನು... ತಡೀರಮ್ಮ, ಈ ಪದ ಎಲ್ಲೈತೆ ನೋಡ್ತೀನಿ...”

“ನೀರು ಹುಳೀನ ತಿಂದ್ ಹಾಕ್ತೈತೆ” ಎಂದರು ಲಕ್ಷ್ಮೀದೇವಮ್ಮ.

ನಿಘಂಟಿನಿಂದ ತಲೆಯೆತ್ತಿದೆ. ಅವರು ಪರದೆಯನ್ನು ನೋಡುತ್ತಿರಲಿಲ್ಲ. ಎಲ್ಲೋ ತಮ್ಮ ಹಂಡೆಯನ್ನು ನೋಡುತ್ತಿದ್ದರು. “ಬಾವಿ ನೀರಿಗೆ ಹಾಕ್ತಿದ್ದಷ್ಟೇ ಹುಳಿ ಬೋರಿನ ನೀರಿಗೂ ಹಾಕ್ತಿದ್ದೆ. ಅದಕ್ಕೆ ಸಾಲ್ತಿಲ್ಲ. ಹುಳಿ ಸಾಲ್ದೆ ಬಣ್ಣ ನೂಲು ಹಿಡೀತಿಲ್ಲ. ಕೈದಲ್ಲ ಸಾರ್ ತಪ್ಪು, ನೀರಿಂದು!” ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಂಡದ್ದಕ್ಕೆ ಕೆನ್ನೆಯೂ ಕೆಂಪಾಯಿತು. ಇನ್ನೂ ಏಳು ಪುಟ ಉಳಿದಿತ್ತು; ಅವರಿಗೆ ಬೇಕಿರಲಿಲ್ಲ. ಆದರೂ ಹಕ್ಕಿನ ಒಂದು ಪ್ರತಿ ಮುದ್ರಿಸಿಕೊಟ್ಟೆ. ಓಬಯ್ಯ ಪ್ರಯೋಗಾಲಯದಿಂದ ಹುಳಿ ಪರೀಕ್ಷಿಸುವ ಲಿಟ್ಮಸ್ ಕಾಗದದ ಒಂದು ಕಟ್ಟು ತಂದು ಅವರ ಕೈಗಿಟ್ಟ. ಯಾರನ್ನು ಕೇಳಿ ತಂದನೋ, ನಾನು ವಿಚಾರಿಸಲಿಲ್ಲ.

ತಿಂಗಳಲ್ಲಿ ಅವರ ಕೆಂಪು ನೂಲಿನಲ್ಲಿ ಗಟ್ಟಿಯಾಗಿ ನಿಂತಿತು. ಬಿಟ್ಟು ಹೋಗಿದ್ದ ಎರಡು ಮನೆಯವರೂ ಮರಳಿ ಬಂದರೆಂದು ಯಾರದೋ ಕೈಲಿ ಹೇಳಿ ಕಳಿಸಿದ್ದರು.

ಮರುವರ್ಷ ನಮ್ಮ ಕಾಲೇಜು ಆ ಚಂದಾ ಮುಂದುವರಿಸಲಿಲ್ಲ. ಪ್ರಾಂಶುಪಾಲರು ಅಷ್ಟರಲ್ಲಿ ಇನ್ನೊಂದು ಕಾರ್ಯಾಗಾರಕ್ಕೆ ಹೋಗಿಬಂದಿದ್ದರು. ಚಂದಾ ನಿಂತ ದಿನವೇ ಹೊಸ ಸಂಚಿಕೆಗಳ ಜೊತೆ ಹಳೆಯವೂ ಮಾಯವಾದವು. ಅದೂ ಕರಾರಿನಲ್ಲಿತ್ತಂತೆ, ಹತ್ತೊಂಬತ್ತನೆಯ ಪುಟದಲ್ಲಿ. ನನ್ನ ಓದು ಹನ್ನೊಂದಕ್ಕೇ ನಿಂತಿತ್ತು. ಆಗಲೇ ರಸಾಯನಶಾಸ್ತ್ರದ ಮೇಡಂಗೆ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಆ ಲೇಖನವೇ ಬೇಕಾಯಿತು. ಇಡೀ ಜಿಲ್ಲೆಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಪ್ರತಿ. ಮತ್ತೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಲಕ್ಷ್ಮೀದೇವಮ್ಮ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ದೇವರ ಗೂಡಿನ ಪಕ್ಕ ಇಟ್ಟಿದ್ದರು. ಅಂಚಿನಲ್ಲೆಲ್ಲ ಅವರದೇ ಕೈಯ ಗುರುತುಗಳು, ಎಷ್ಟು ನೀರಿಗೆ ಎಷ್ಟು ಹುಳಿ ಎಂದು ತೆಲುಗು ಕನ್ನಡ ಬೆರೆಸಿ ಬರೆದದ್ದು. ರಾಯದುರ್ಗದ ಕಡೆಯಿಂದಲೂ ಬಣ್ಣದವರು ಬಂದು ನೋಡಿಕೊಂಡು ಹೋಗುತ್ತಾರಂತೆ. ಚಂದಾ ಇದ್ದ ವರ್ಷ ನನ್ನ ಇಡೀ ಗ್ರಂಥಾಲಯದ ಇ-ಜರ್ನಲ್ ವಿಭಾಗಕ್ಕೆ ಬಂದವರಿಗಿಂತ ಆ ಎಂಟು ಹಾಳೆಗೆ ಬಂದವರು ಹೆಚ್ಚು. ಪೇಟೆಯಲ್ಲಿ ಜೆರಾಕ್ಸ್ ಮಾಡಿಸಿ ತಂದುಕೊಡಲೇ ಎಂದು ಕೇಳಿದೆ.

“ಒಬ್ರು ಒಯ್ದು ಎರಡು ವಾರ ತಂದಿರಲಿಲ್ಲ ಸಾರ್. ಅವತ್ತಿಂದ ಮನೆಯಿಂದ ಆಚೆ ಕೊಡೋದು ಬಿಟ್ಟೀನಿ. ಚಾಪೆ ಹಾಕ್ತೀನಿ, ಕೂತು ಬರ್ಕೊಳ್ರಿ.”

ಕೂತೆ. ಜೇಬು ತಡಕಿದೆ. ಪೆನ್ನಿಲ್ಲದೆ ಗ್ರಂಥಾಲಯಕ್ಕೆ ಬರುವ ಹುಡುಗರನ್ನು ಇಪ್ಪತ್ತು ವರ್ಷ ಬಾಗಿಲಲ್ಲೇ ಗದರಿಸಿದವನು ನಾನು. ಲಕ್ಷ್ಮೀದೇವಮ್ಮ ಗೂಡಿನಿಂದ ಒಂದು ಪೆನ್ನು ತೆಗೆದುಕೊಟ್ಟು, “ಹೋಗುವಾಗ ಮರೀದೆ ಕೊಡ್ರಿ” ಎಂದರು.