ಕುವೈತಿನಿಂದ ಕ್ಲಚ್ ಒತ್ತಿದವರು

ಗಂಡ ದೂರದಲ್ಲಿದ್ದು, ಅವರ ಕಾರು ಮಾತ್ರ ಮನೆ ಮುಂದೆ ನಿಂತಿದ್ದರೆ ಇಂಥವು ಆಗುತ್ತಲೇ ಇರುತ್ತವೆ. ನಮ್ಮ ಮನೆಯವರು ಕುವೈತಿನಲ್ಲಿ ಒಂದು ದೊಡ್ಡ ಮನೆಗೆ ಡ್ರೈವರು. ನಾನು ಗಬ್ಬೂರಿನ ಕಡೆ ಒಂದು ಶಾಲೆಯಲ್ಲಿ ಕನ್ನಡ ಟೀಚರು. ರಾಯಚೂರಿನ ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆ ಇಬ್ಬರೇ. ಮನೆಯಲ್ಲಿ ನಮ್ಮ ಮಾತೆಲ್ಲ ದಖನಿ ಉರ್ದು. ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ಅತ್ತೆಯ ಬೈಗುಳಕ್ಕೆ ಅಲ್ಲಿದ್ದ ರುಚಿ ಇಲ್ಲಿ ಬರದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ದನಿ

ಹೋಗುವಾಗ ಅವರು ಬಾಗಿಲಲ್ಲಿ ನಿಂತು ಹೇಳಿದ್ದು, "ವಾರಕ್ಕೊಮ್ಮೆ ಗಾಡಿ ಸ್ಟಾರ್ಟ್ ಮಾಡು, ಬ್ಯಾಟರಿ ಕುಂತುಬಿಡ್ತದ" ಅಂತ. ನಿಂತಲ್ಲೇ ಸ್ಟಾರ್ಟ್ ಮಾಡಿ ಮಾಡಿ ನನಗೇ ಬೇಜಾರಾಗಿ, ಡ್ರೈವಿಂಗ್ ಸ್ಕೂಲಿಗೆ ಸೇರಿ ಓಡಿಸಲಿಕ್ಕೇ ಕಲಿತುಬಿಟ್ಟೆ.

ಶುಕ್ರವಾರ ಅವರಿಗೆ ರಜೆ. ಸಂಜೆ ಫೋನು ಬರುತ್ತಿತ್ತು. "ಊಟ ಆತಾ?" ಅನ್ನುವುದು ಮೊದಲನೇ ಮಾತು. ಎರಡನೇ ಮಾತು, "ಫೋನು ಬಾನೆಟ್ ಮ್ಯಾಲ ಇಡು. ಗಾಡಿ ಸ್ಟಾರ್ಟ್ ಮಾಡು." ನಾನು ಒಳಗೆ ಕುಳಿತು, ಗಾಜಿನಾಚೆ ಬಾನೆಟ್ ಮೇಲೆ ಮಲಗಿರುವ ಗಂಡನನ್ನು ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿ ಎಂಜಿನ್ ಕೇಳುತ್ತಿದ್ದರು, ಕವ್ವಾಲಿ ಕೇಳಿದ ಹಾಗೆ.

ಒಂದು ಶುಕ್ರವಾರ ನನಗೆ ಸಿಟ್ಟು ಬಂತು. "ಸಮುದ್ರ ದಾಟಿ ಫೋನ್ ಹಚ್ಚಿ ಎಂಜಿನ್ ದನಿ ಕೇಳ್ತೀರಿ. ನನ್ನ ದನಿ ಹೆಂಗದ ಅಂತ ಒಂದಿನಾನಾ ಕೇಳೀರಿ?"

"ನಿನ್ನ ದನಿ ಬಾಳ ಹೊತ್ತು ಕೇಳಿದ್ರ ವಾಪಸ್ ಬಂದುಬಿಡೋಣ ಅನಸ್ತದ. ಎಂಜಿನ್ ದನಿ ಕೇಳಿದ್ರ ಹಂಗ ಆಗಂಗಿಲ್ಲ" ಅಂದರು.

ನಾನು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿರುವಾಗಲೇ ಅವರ ಮುಂದಿನ ಮಾತು ಬಂತು.

"ಕ್ಲಚ್ ಒತ್ತಿದಾಗ ಏನೋ ಕರಕರ ಅಂದಂಗಾತು. ಇನ್ನೊಮ್ಮೆ ಒತ್ತು."

ಬುತ್ತಿ

ಶಾಲೆಗೆ ಹೋಗುವಾಗ ಗಣಿತದ ಮೇಡಂ ಮತ್ತು ವಿಜ್ಞಾನದ ಸರ್ ನನ್ನ ಕಾರಿನಲ್ಲೇ ಬರುತ್ತಿದ್ದರು. ಒಂದು ಬೆಳಿಗ್ಗೆ ಗಬ್ಬೂರು ಇನ್ನೂ ದೂರವಿದ್ದಾಗ ಕಾರಿನೊಳಗೆ ಸುಟ್ಟ ವಾಸನೆ ಬಂತು.

"ಸರ್, ನಿಮ್ಮ ಮನಿಯವರು ಇವತ್ತು ರೊಟ್ಟಿ ಹೊತ್ತಿಸ್ಯಾರೇನ್ರಿ?" ಅಂದರು ಮೇಡಂ.

"ನಮ್ಮದು ಮೊಸರನ್ನರೀ. ಅದು ಹೆಂಗ ಹೊತ್ತತದ?"

ನನ್ನ ಡಬ್ಬಿಯ ಮೇಲೂ ಅನುಮಾನ ಬಂತು. ಕೊನೆಗೆ ರಸ್ತೆ ಪಕ್ಕದ ಜಾಲಿ ಗಿಡದ ನೆರಳಲ್ಲಿ ಕಾರು ನಿಲ್ಲಿಸಿ, ಎಲ್ಲರ ಡಬ್ಬಿಯನ್ನೂ ಡಿಕ್ಕಿಯ ಮೇಲೆ ಬಿಚ್ಚಿಟ್ಟೆವು. ಯಾವುದೂ ಸುಟ್ಟಿರಲಿಲ್ಲ. ಮೇಡಂ ಡಬ್ಬಿಯಲ್ಲಿ ಎಣ್ಣೆಗಾಯಿ ಇತ್ತು, ಶೇಂಗಾ ಗುರೆಳ್ಳು ತುಂಬಿದ್ದು. ಸರ್ ಅದನ್ನು ಪರೀಕ್ಷೆ ಮಾಡಲಿಕ್ಕೆಂದು ಒಂದು ತೆಗೆದುಕೊಂಡರು. ಸಾಲದೆ ಇನ್ನೊಂದು ತೆಗೆದುಕೊಂಡರು. ಮೂವರೂ ಅಲ್ಲೇ ನಿಂತು ಮಧ್ಯಾಹ್ನದ ಊಟ ಬೆಳಿಗ್ಗೆಯೇ ಮುಗಿಸಿದೆವು.

ಮತ್ತೆ ಹೊರಟರೆ ಕಾರು ಓಡುತ್ತಿಲ್ಲ. ಎಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಚಕ್ರಕ್ಕೆ ಅದು ಕೇಳಿಸುವುದೇ ಇಲ್ಲ. ಹುಲ್ಲಿನ ಹೊರೆ ಹೇರಿಕೊಂಡ ಸೈಕಲ್ಲೊಂದು ನಮ್ಮನ್ನು ದಾಟಿ ಹೋಯಿತು.

"ಇದು ಕ್ಲಚ್ ಪ್ಲೇಟ್ ವಾಸನಿರೀ. ಡಬ್ಬಿದಲ್ಲ ಅಂತ ನನಗ ಮೊದಲೇ ಗೊತ್ತಿತ್ತು" ಅಂದರು ಸರ್.

"ಮತ್ತ ಯಾಕ ಹೇಳಲಿಲ್ರಿ?"

"ಎಣ್ಣೆಗಾಯಿ ಮುಗೀಲಿ ಅಂತ."

ಏರು

ತಣ್ಣಗಾದ ಮೇಲೆ ಕಾರು ಹೇಗೋ ಮತ್ತೆ ಓಡತೊಡಗಿತು. ಕ್ಲಚ್ ಇನ್ನೂ ಒಂದಷ್ಟು ದಿನ ತಡೆಯುತ್ತದೆ ಅಂದುಕೊಂಡು ಅತ್ತೆಯನ್ನು ದೇವದುರ್ಗಕ್ಕೆ, ಅವರ ತಂಗಿಯ ಮಗಳ ಮದುವೆಗೆ ಕರೆದುಕೊಂಡು ಹೊರಟೆ. ಊರು ಹತ್ತಿರ ಬಂತು. ಒಂದು ಸಣ್ಣ ಏರು. ಅದರ ನಟ್ಟನಡುವೆ ಎಂಜಿನ್ ಮುಂದಕ್ಕೆ ಅಂದಿತು, ಕಾರು ಹಿಂದಕ್ಕೆ ಅಂದಿತು.

ಭಾರ ಕಡಿಮೆ ಆಗಲಿ ಅಂತ ಅತ್ತೆ ಇಳಿದರು. ಇಳಿದವರು ನಿಲ್ಲಲಿಲ್ಲ, ಬುರ್ಖಾ ಎತ್ತಿ ಹಿಡಿದು ಏರಿನ ತುದಿಯವರೆಗೂ ನಡೆದೇಬಿಟ್ಟರು. ಅಲ್ಲಿ ನಿಂತು ಮಗನಿಗೆ ವಿಡಿಯೋ ಕಾಲ್ ಹಚ್ಚಿದರು. "ನಿನ್ನ ಹೆಂಡ್ತಿ ಹಿಂದಕ ಹೊಂಟಾಳ. ನಾ ಮುಂದ ಬಂದು ನಿಂತೀನಿ."

"ಅಮ್ಮಾ, ಗಾಡಿ ತೋರಿಸು."

ಅತ್ತೆಗೆ ಫೋನ್ ಅಂದರೆ ಕಿವಿಗೆ ಹಚ್ಚುವುದು. ವಿಡಿಯೋ ಇರಲಿ ಏನೇ ಇರಲಿ, ಹಚ್ಚುವುದು ಕಿವಿಗೇ. ನಾನು ಹ್ಯಾಂಡ್ ಬ್ರೇಕ್ ಎಳೆದು, ಚಕ್ರದ ಹಿಂದೆ ಕಲ್ಲಿಟ್ಟು ಮೇಲೆ ಬರುವಷ್ಟರಲ್ಲಿ ಮಗ ಅಲ್ಲಿಂದ ಬೇಡಿಕೊಳ್ಳುತ್ತಿದ್ದರು.

"ಅಮ್ಮಾ, ನನಗ ಬರೇ ನಿನ್ನ ಕಿವಿ ಕಾಣಾಕತ್ತದ. ಗಾಡಿ ಕಡಿ ತಿರುಗಿಸು."

"ನೋಡು, ಕಿವಿನೇ ನೋಡು" ಅಂದರು ಅತ್ತೆ. "ಸಣ್ಣವ ಇದ್ದಾಗ ಇದನ್ನ ಹಿಡಕೊಂಡೇ ಮಲಗ್ತಿದ್ದಿ. ಗಾಡಿ ಯಾರಾದ್ರೂ ತೋರಿಸ್ತಾರ."

ನಾನೇ ಫೋನು ಇಸಿದುಕೊಂಡು ನೋಡಿದೆ. ಅವರೂ ಫೋನನ್ನು ಕಿವಿಗೆ ಹಚ್ಚಿಕೊಂಡಿದ್ದರು. ನನಗೆ ಕಂಡಿದ್ದು ಅವರ ಕಿವಿ.

ಸ್ಪ್ರಿಂಗ್

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ದೇವದುರ್ಗಕ್ಕೆ, ಅಲ್ಲಿಂದ ಲಾರಿಯಲ್ಲಿ ರಾಯಚೂರಿಗೆ ತಂದೆವು. ನಮ್ಮ ಓಣಿಯ ಆಚೆ ಒಬ್ಬ ಚಾಚಾನ ಗ್ಯಾರೇಜು. ಅವರು ಗೇರ್ ಬಾಕ್ಸ್ ಇಳಿಸಿ, ಸವೆದ ಪ್ಲೇಟನ್ನು ನನ್ನ ಮುಂದೆ ಹಿಡಿದರು. ಹಪ್ಪಳದ ಹಾಗೆ ತೆಳ್ಳಗಾಗಿತ್ತು.

"ಕಾಲು ಕ್ಲಚ್ ಮ್ಯಾಲೇ ಇಟಗೊಂಡು ಓಡಿಸಿದ್ರ ಹಿಂಗ ಆಗ್ತದ. ಯಾರು ಓಡಸ್ತಾರ?"

ನನಗಿಂತ ಮೊದಲು ಫೋನಿನಿಂದ ಉತ್ತರ ಬಂತು. ನಮ್ಮವರು ವಿಡಿಯೋದಲ್ಲಿದ್ದರು. "ನಾನೇ ಸವಸಿದ್ದು, ಚಾಚಾ. ಆಕಿಗೆ ಏನೂ ಅನ್ನಬ್ಯಾಡ್ರಿ."

"ಅಲ್ಲಿಂದನ ಒತ್ತಿದ್ಯೇನು?" ಅಂದರು ಚಾಚಾ.

ಪ್ಲೇಟು ತಿಕ್ಕುವ ಕಬ್ಬಿಣದ ಗಾಲಿಯೂ ಕಾದು ನೀಲಿಯಾಗಿತ್ತು. ಅದಕ್ಕೆ ಫ್ಲೈವೀಲ್ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದೇ ಆವತ್ತು. ಹೊಸದು ಹಾಕಬೇಕು, ಯಾವುದು ಬೇಕು ಅಂತ ಚಾಚಾ ಕೇಳಿದರು.

"ಒಂದು ನಮೂನಿ ಅದ, ಗಟ್ಟಿ, ಒಂದೇ ತುಂಡು. ಬಾಳ ದಿನ ಬಾಳಿಕಿ ಬರ್ತದ. ಆದ್ರ ನಿಂತಲ್ಲಿ ಗಾಡಿ ಥರಥರ ನಡುಗ್ತದ. ಇನ್ನೊಂದು ಎರಡು ತುಂಡಿಂದು, ನಡುವ ಸ್ಪ್ರಿಂಗ್. ಈ ಕಡಿ ಜಗ್ಗಿದ್ದು ಆ ಕಡಿಗೆ ಗೊತ್ತಾಗದಂಗ ಸ್ಪ್ರಿಂಗೇ ನುಂಗತದ. ಮನ್ಯಾಗ ಅತ್ತಿ ಸೊಸಿ ನಡುವ ಮಗ ಇರ್ತಾನಲ್ಲ, ಹಂಗ."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ತಲೆ ಎತ್ತಿದರು. "ನಮ್ಮ ಸ್ಪ್ರಿಂಗ್ ಕುವೈತ್‌ನಾಗ ಅದ, ಭಾಯಿ. ನಾವಿಬ್ಬರೂ ಸ್ಪ್ರಿಂಗ್ ಇಲ್ಲದನ ನಡಿಸಿಗೊಂಡು ಹೊಂಟೀವಿ. ಗಟ್ಟಿದೇ ಹಾಕು."

ಫೋನಿನಲ್ಲಿ ನಮ್ಮವರು ಕೆಮ್ಮಿದರು.

"ಅಮ್ಮಾ, ಸ್ಪ್ರಿಂಗಿಂದೇ ಹಾಕಿಸು. ಈ ಹಬ್ಬಕ್ಕ ಬರಾಕತ್ತೀನಿ. ರಜಾ ಕೊಟ್ಟಾರ."

ಅವರು ಬರುವ ಸುದ್ದಿ ನಮಗೆ ತಿಳಿದದ್ದು ಹೀಗೆ, ಗ್ರೀಸಿನ ವಾಸನೆಯ ನಡುವೆ. ಅತ್ತೆ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಸವೆದ ಪ್ಲೇಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ, ಸೀರೆಗೆಲ್ಲ ಮಸಿಯಾದದ್ದು ಆಮೇಲೆ ಗೊತ್ತಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಮುಖ ಒರೆಸಿಕೊಂಡು, "ಸ್ಪ್ರಿಂಗಿಂದೇ ಹಾಕು, ಭಾಯಿ" ಅಂದರು.

"ಅದನ್ನೇ ಹಾಕವನಿದ್ದೆ, ಅಮ್ಮಾ" ಅಂದರು ಚಾಚಾ. "ಗಟ್ಟಿದು ರಾಯಚೂರಾಗ ಎಲ್ಲೂ ಸಿಗವಲ್ದು."

ಕಲ್ಲೂರಿನ ಅಜ್ಜಿ

ಹೊಸ ಕ್ಲಚ್ ಸರಿಯಾಗಿ ಕೂಡುವವರೆಗೆ ಮೆಲ್ಲಗೆ ಓಡಿಸಬೇಕು ಅಂದಿದ್ದರು. ಹಾಗಾಗಿ ಮಾನ್ವಿಯ ತವರುಮನೆಗೆ ಹೋಗಿ, ಸಿರವಾರದ ಮೇಲೆ ಸುತ್ತು ಹಾಕಿಕೊಂಡು ಬರುತ್ತಿದ್ದೆ. ಎರಡೂ ಕಡೆ ಭತ್ತದ ಗದ್ದೆ. ಸಿರವಾರದಲ್ಲಿ ಬಸ್ಸು ತಪ್ಪಿಸಿಕೊಂಡ ಒಬ್ಬ ಅಜ್ಜಿ ಕೈ ಮಾಡಿದಳು. ಕಲ್ಲೂರಿಗೆ ಹೋಗಬೇಕಿತ್ತು, ಹತ್ತಿಸಿಕೊಂಡೆ.

"ಗಾಡಿ ಯಾರದವ್ವ?" ಅಂತ ಕೇಳಿದಳು.

"ನಮ್ಮ ಮನಿಯವರದು, ಯವ್ವಾ."

"ಎಲ್ಲದಾರ ಅವರು?"

"ಕುವೈತ್‌ನಾಗ ಅದಾರ. ಬರವರು ಅದಾರ."

ಅಜ್ಜಿ ಕಿಟಕಿಯಾಚೆ ನೋಡುತ್ತಾ ಯೋಚನೆ ಮಾಡಿದಳು. "ಆ ಕುವೈತ್ ಕಲ್ಲೂರಕಿಂತ ಮೊದಲ ಬರ್ತದೇನು, ಆಮ್ಯಾಲ?"

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಆಮ್ಯಾಲ ಬರ್ತದ, ಯವ್ವಾ" ಅಂದೆ.

"ಹಂಗಾದ್ರ ಚಲೋ ಆತು" ಅಂತ ಅವಳು ಗಂಟನ್ನು ಪಕ್ಕದಲ್ಲಿಟ್ಟು ಕಾಲು ಚಾಚಿದಳು. "ನಾ ಇಳದ ಮ್ಯಾಲ ಅವರನ್ನ ಹತ್ತಿಸಿಗೋ."

ಸ್ಟೇಷನ್ ಮುಂದೆ

ಹೈದರಾಬಾದಿಗೆ ವಿಮಾನ, ಅಲ್ಲಿಂದ ರಾಯಚೂರಿಗೆ ರೈಲು. ಅತ್ತೆ ಬಿರಿಯಾನಿ ದಮ್ಮಿಗಿಟ್ಟು ಬಾಗಿಲಲ್ಲಿ ಕುಳಿತರು, ನಾನು ಸ್ಟೇಷನ್ನಿಗೆ ಹೋದೆ. ರೈಲಿನಿಂದ ಇಳಿದವರನ್ನು ನಾನು ಮೊದಲು ಗುರುತೇ ಹಿಡಿಯಲಿಲ್ಲ. ಗಡ್ಡದಲ್ಲಿ ಬಿಳಿ ಕೂದಲು ಬಂದಿತ್ತು. ಫೋನಿನಲ್ಲಿ ಅದು ಕಂಡಿರಲಿಲ್ಲ. ಮಂದಿ ನಡುವೆ ಏನು ಮಾತಾಡುವುದು. ಅವರು ನನ್ನನ್ನು ನೋಡಿದರು, ನಾನು ಸೂಟ್‌ಕೇಸ್ ನೋಡಿದೆ.

ಹೊರಗೆ ಬಂದಮೇಲೆ ಕೈ ಚಾಚಿ, "ಕೀ ಕೊಡು. ನಾ ಹೊಡೀತೀನಿ" ಅಂದರು.

ಕೊಟ್ಟೆ. ಅವರು ಗತ್ತಿನಿಂದ ಹೋಗಿ ಎಡಗಡೆ ಬಾಗಿಲು ತೆಗೆದು ಕುಳಿತರು. ಬೆಲ್ಟ್ ಹಾಕಿಕೊಂಡರು. ಎರಡೂ ಕೈ ಮುಂದೆ ಚಾಚಿದರು. ಹಿಡಿಯಲಿಕ್ಕೆ ಅಲ್ಲಿ ಏನೂ ಇರಲಿಲ್ಲ.

"ಅಲ್ಲಿ ಸ್ಟೇರಿಂಗ್ ಈ ಕಡಿ ಇರ್ತದ" ಅಂತ ಮೆಲ್ಲಗೆ ಹೇಳಿ ಇಳಿದು, ಬಲಗಡೆಗೆ ಬಂದರು, ನಾನು ಎಡಗಡೆ ಕುಳಿತೆ. ನಾನು ಗೇರಿನಲ್ಲೇ ನಿಲ್ಲಿಸಿದ್ದ ಕಾರನ್ನು ಸ್ಟಾರ್ಟ್ ಮಾಡಿದರು. ಕಾರು ಕಪ್ಪೆಯ ಹಾಗೆ ಒಮ್ಮೆ ಹಾರಿ ಬಂದ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಹಾರಿತು, ಮತ್ತೆ ಬಂದ್. ಹಿಂದೆ ಆಟೋಗಳ ಹಾರ್ನು ಶುರುವಾಯಿತು.

"ಕ್ಲಚ್ ಸರಿ ಕುಂತಿಲ್ಲ" ಅಂದರು.

"ಕ್ಲಚ್ ಒತ್ತೇ ಇಲ್ಲಲ್ರಿ ನೀವು."

ಅವರು ತಮ್ಮ ಎಡಗಾಲನ್ನು ನೋಡಿಕೊಂಡರು. ಅದು ಒಂದು ಕಡೆ ಸುಮ್ಮನೆ ಮಡಚಿಕೊಂಡು ಕುಳಿತಿತ್ತು. "ಅಲ್ಲಿ ಗಾಡಿ ಎಲ್ಲಾ ಆಟೋಮ್ಯಾಟಿಕ್. ಇದಕ್ಕ ಕೆಲಸನೇ ಇಲ್ಲ. ಮರತುಬಿಟ್ಟದ."

ಅಷ್ಟರಲ್ಲಿ ಹಿಂದಿನ ಆಟೋದವನು ಇಳಿದು ನನ್ನ ಕಿಟಕಿಯ ಹತ್ತಿರ ಬಂದ. ಬಹಳ ಮರ್ಯಾದೆಯಿಂದಲೇ ಹೇಳಿದ. "ಅಕ್ಕಾರ, ಹೊಸದಾಗಿ ಕಲಿಯವರನ್ನ ಸ್ಟೇಷನ್ ಮುಂದ ತರಬ್ಯಾಡ್ರಿ. ಮೊದಲ ಖಾಲಿ ಗ್ರೌಂಡ್‌ನಾಗ ಕಲಸ್ರಿ."

ನಮ್ಮವರು ಸ್ಟೇರಿಂಗ್ ಮೇಲೆ ಹಣೆಯಿಟ್ಟರು. ಅವಮಾನವಾಯಿತೇನೋ ಅಂತ ನಾನು ಹೆದರಿದೆ. ನೋಡಿದರೆ ಭುಜ ಕುಲುಕುತ್ತಿತ್ತು, ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಮೇಲೆ ಅದು ನಗುವೋ ಬೇರೆಯೋ ನನಗೂ ತಿಳಿಯಲಿಲ್ಲ. ಬಾಗಿಲು ತೆಗೆದು ಇಳಿದು, ಆಟೋದವನಿಗೆ ಸಲಾಮ್ ಮಾಡಿ, ನಾನಿದ್ದ ಕಡೆ ಬಂದರು.

"ಸರಿ, ಟೀಚರಮ್ಮಾ. ನೀನ ಹೊಡಿ."

ನಾನು ಆ ಕಡೆ ಹೋಗಿ ಕುಳಿತೆ. ಕ್ಲಚ್ ಒತ್ತಿ, ಗೇರ್ ಹಾಕಿ, ಕಾಲನ್ನು ಮೆಲ್ಲಗೆ ಬಿಟ್ಟೆ. ಕಾರು ಅಲುಗದೆ ಹೊರಟಿತು. ಅವರು ಬಾನೆಟ್ ಕಡೆ ನೋಡಲಿಲ್ಲ, ಎಂಜಿನ್ ದನಿಯನ್ನೂ ಕೇಳಲಿಲ್ಲ. ನನ್ನ ಕಡೆಯೇ ತಿರುಗಿ ಕುಳಿತಿದ್ದರು.

"ನಿಧಾನ ಹೋಗು" ಅಂದರು.

"ಯಾಕ್ರಿ? ಕ್ಲಚ್‌ಗೆ ಏನೂ ಆಗಂಗಿಲ್ಲ, ಹೊಸದದ."

"ಕ್ಲಚ್ ಸಲುವಾಗಿ ಅಲ್ಲ" ಅಂದರು. "ರಜಾ ಕಡಿಮಿ ಅದ."