ಓದಿದವರ ಪಟ್ಟಿ

ಪರರ ತಪ್ಪು ಹಿಡಿಯುವುದರಲ್ಲಿ ಹನ್ನೊಂದು ವರ್ಷ ಪಳಗಿದ ಪ್ರೂಫಪ್ಪನಿಗೆ ತನ್ನ ತಪ್ಪು ಕಾಣಿಸಲು ಐದು ನಿಮಿಷ ಬೇಕಾಯಿತು. ಪಠ್ಯಪುಸ್ತಕ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಬೈಂಡಿಂಗಿನಲ್ಲಿದ್ದ ಭಾವನಿಗೆ ಗುಟ್ಟಾಗಿ ಕಳಿಸಬೇಕಿದ್ದ ನಾಲ್ಕು ಸಾಲನ್ನು ಅವನು ಪ್ರೆಸ್ಸಿನವರೆಲ್ಲ ಸೇರುವ ಕಂಪ್ಯೂಟರಿನ 'ಚಾವಡಿ'ಗೆ ಏರಿಸಿಬಿಟ್ಟಿದ್ದ. "ನಮ್ಮ ಮ್ಯಾನೇಜರರ ತಲೆ ಹೊರಗೆ ಮಾತ್ರವಲ್ಲ, ಒಳಗೂ ಬೋಳು" ಎಂಬುದು ಮೊದಲ ಸಾಲು. ಉಳಿದ ಮೂರು ಇಷ್ಟು ಮರ್ಯಾದೆಯಾಗಿರಲಿಲ್ಲ.

ಅದೇ ಮ್ಯಾನೇಜರರು ಅಂದು ಸಂಜೆ ಪ್ರೂಫಪ್ಪನ ಬಡ್ತಿಗೆ ಸಹಿ ಹಾಕುವವರಿದ್ದರು. ಬಡ್ತಿಯ ಕುರ್ಚಿಯ ಪಕ್ಕ ಕಿಟಕಿಯಿತ್ತು. ಈಗಿನ ಕುರ್ಚಿಯ ಪಕ್ಕ ಕಕ್ಕಸಿನ ಬಾಗಿಲಿತ್ತು.

ಚಾವಡಿಯಲ್ಲಿ ಓದದ ಬರಹಗಳು ದಪ್ಪಕ್ಷರದಲ್ಲಿ ನಿಂತಿರುತ್ತವೆ. ಒಬ್ಬರು ಓದಿದರೂ ಸಾಕು, ಬರೆದವನು ಅಳಿಸುವಂತಿಲ್ಲ. ಪ್ರೂಫಪ್ಪ ನೋಡಿದಾಗ ಕೆಳಗೆ "ಓದಿದವರು: ಯಾರೂ ಇಲ್ಲ" ಎಂದಿತ್ತು. ಬದುಕಿದೆಯಾ ಬಡಜೀವವೇ ಎಂದು ಅಳಿಸಲು ಹೊರಟನೋ ಇಲ್ಲವೋ, ಕಂಪ್ಯೂಟರ್ ಅಪ್‌ಡೇಟ್ ಆಗಲು ಶುರುವಾಗಿ ಶೇಕಡಾ ಮೂರಕ್ಕೆ ಬಂದು ಕೂತುಬಿಟ್ಟಿತು.

ಟೈಪಿಸ್ಟಮ್ಮನ ಮೇಜಿಗೆ ಓಡಿದ.

"ಅಮ್ಮಾ, ಎರಡು ನಿಮಿಷ ನಿಮ್ಮ ಕಂಪ್ಯೂಟರ್ ಕೊಡಿ. ಚಾವಡೀಲಿ ಸ್ವಲ್ಪ ಕೆಲ್ಸ ಇದೆ."

"ನೀವ್ಯಾಕೆ ಒದ್ದಾಡ್ತೀರಿ, ನಾನೇ ತೆಗೀತೀನಿ." ಪರೋಪಕಾರದಲ್ಲಿ ಆಕೆಯದು ಎತ್ತಿದ ಕೈ. "ಅಯ್ಯೋ, ಇನ್ನೂರ ಹದಿನಾರು ಓದೇ ಇಲ್ವಲ್ಲ ನಾನು. ಮೇಲ್ಗಡೆ ನಿಮ್ದೇ ಇದೆ. ಏನ್ ಬರ್ದಿದೀರಿ ನೋಡೋಣ."

ಪ್ರೂಫಪ್ಪ ಪರದೆಗೆ ಕೈ ಅಡ್ಡ ಹಿಡಿದ. "ಬೇಡ ಬೇಡ. ಅಂದ್ರೆ, ಅಷ್ಟೆಲ್ಲಾ ಯಾರು ಓದ್ತಾರೆ? ಮೂಲೇಲಿ 'ಎಲ್ಲ ಓದಿಯಾಯ್ತು' ಅಂತ ಒಂದು ಗುಂಡಿ ಇದೆ ನೋಡಿ. ಒತ್ತಿಬಿಡಿ."

ಆಕೆ ಒತ್ತಿದಳು. ದಪ್ಪಕ್ಷರಗಳೆಲ್ಲ ಒಮ್ಮೆಲೇ ಸೊರಗಿ ಸಣ್ಣಗಾದವು.

ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಳ್ಳುತ್ತ ಪ್ರೂಫಪ್ಪ ಜಾಗಕ್ಕೆ ಮರಳಿದ. ಕಂಪ್ಯೂಟರ್ ಎದ್ದಿತ್ತು. ಬರಹದ ಕೆಳಗೆ "ಓದಿದವರು: ಟೈಪಿಸ್ಟ್" ಎಂದಿತ್ತು. ಅಳಿಸುವ ಗುಂಡಿ ಮಾಯವಾಗಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡವನು ಹೇಗಿರುತ್ತಾನೆಂದು ತಿಳಿಯಲು ನನಗೆ ಕನ್ನಡಿ ಸಾಕು ಎಂದುಕೊಂಡ.

ಊಟದ ಹೊತ್ತಿಗೆ ಪಟ್ಟಿಯಲ್ಲಿ ಒಂಬತ್ತು ಹೆಸರಾಯಿತು. ಮೂರು ಗಂಟೆಗೆ ಮೂವತ್ತೊಂದು.

"ಒಳ್ಳೆ ಕೆಲ್ಸ ಮಾಡಿದ್ರಿ ಪ್ರೂಫಪ್ಪನೋರೆ," ಎಂದು ಮೆಷಿನ್‌ಮನ್ ಭುಜ ತಟ್ಟಿದ. "ಇಷ್ಟು ದಿನ ಯಾರಿಗೂ ಹೊಳೆದಿರ್ಲಿಲ್ಲ."

"ವರ್ಷಗಟ್ಲೆ ಕಾಟ, ಒಂದೇ ಏಟಿಗೆ ಹೋಯ್ತು," ಎಂದು ಸ್ಟೋರ್‌ಕೀಪರ್ ಕೈಮುಗಿದ.

ಇಡೀ ಪ್ರೆಸ್ಸು ಮ್ಯಾನೇಜರರ ತಲೆಯ ಮೇಲೆ ಇಷ್ಟು ಕೋಪ ಇಟ್ಟುಕೊಂಡಿತ್ತೆಂದು ಪ್ರೂಫಪ್ಪನಿಗೆ ಗೊತ್ತೇ ಇರಲಿಲ್ಲ. ನಾಲ್ಕೂವರೆಗೆ ಪಟ್ಟಿಯಲ್ಲಿ "ಮ್ಯಾನೇಜರ್" ಎಂದು ಮೂಡಿತು. ಮರುಕ್ಷಣ ಫೋನು ಬಂತು, ಒಳಗೆ ಬರಬೇಕಂತೆ.

ಮ್ಯಾನೇಜರರ ಮುಂದೆ ಬಡ್ತಿಯ ಆದೇಶವಿತ್ತು, ಕೈಯಲ್ಲಿ ತೆರೆದ ಪೆನ್ನಿತ್ತು. ಅವರು ಬಾಯಿ ತೆರೆಯುವ ಮೊದಲೇ ಪ್ರೂಫಪ್ಪ ಶುರುಮಾಡಿದ. "ಸಾರ್, ತಪ್ಪಾಯ್ತು. ನಿಮ್ಮ ತಲೆ ವಿಷಯ ನಾನು ಹಾಗೆಲ್ಲ ಬರೀಬಾರ್ದಿತ್ತು. ಹೊಟ್ಟೆಗೆ ಹಾಕ್ಕೊಳ್ಳಿ."

"ಯಾವ ತಲೆ?" ಎಂದರು ಮ್ಯಾನೇಜರ್. "ನಾನು ಕರೆದಿದ್ದು ಶಭಾಷ್ ಅನ್ನೋಕೆ. ನೀವು ಹೇಳ್ಕೊಟ್ಟ ಗುಂಡೀನ ಟೈಪಿಸ್ಟಮ್ಮ ಮನೆಮನೆಗೆ ಹೋಗೋ ಹಾಗೆ ಎಲ್ಲಾ ಮೇಜಿಗೂ ಹೋಗಿ ತೋರಿಸಿದಾರೆ. ನಾನೂ ಒತ್ತಿದೆ. ನಾನೂರು ಬರಹ, ಒಂದನ್ನೂ ಓದದೆ ಮುಗೀತು."

"ಹಾಗಾದ್ರೆ ಏನೂ ಇಲ್ಲ ಸಾರ್," ಎಂದು ಪ್ರೂಫಪ್ಪ ಬಾಗಿಲ ಕಡೆ ಸರಿದ.

ಮ್ಯಾನೇಜರರ ಕೈ ನಿಧಾನವಾಗಿ ತಲೆ ಸವರಿತು. ಅವರು ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದರು.

"ಕನ್ನಡಕ ಕಾರಲ್ಲೇ ಬಿಟ್ಟು ಬಂದಿದೀನಿ. ನೀವೇ ಹುಡುಕಿ ಓದಿ. ಕರಡು ಓದೋ ಹಾಗೆ, ಒಂದಕ್ಷರಾನೂ ಬಿಡದೆ."

ಪ್ರೂಫಪ್ಪ ಗಂಟಲು ಸರಿಮಾಡಿಕೊಂಡು ಓದಿದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮ್ಯಾನೇಜರರು ಪೆನ್ನಿಗೆ ಮುಚ್ಚಳ ಹಾಕಿಯಾಗಿತ್ತು.