ಬಾತುಕೋಳಿ ಎಣಿಸಿದ ಎರಡನೇ ಇಯತ್ತೆ

ಸಣ್ಣ ಮಕ್ಕಳಿಗೆ ಲೆಕ್ಕ ಕಲಿಸುವವರಿಗೆ ಇಂಥ ಪ್ರಸಂಗಗಳ ಬರ ಇರುವುದಿಲ್ಲ. ನಾವು ಕೇಳುವುದು ಒಂದು, ಅವರಿಗೆ ಕೇಳಿಸುವುದು ಇನ್ನೊಂದು, ಬರುವ ಉತ್ತರ ಮೂರನೆಯದು. ಮನೆಗೆ ಹೋಗಿ ಅನ್ನಕ್ಕಿಟ್ಟು ಯೋಚಿಸಿದರೆ ಆ ಮೂರನೆಯದೇ ಸರಿ ಅನ್ನಿಸುತ್ತದೆ.

ಅರವತ್ತರ ದಶಕದ ಮೊದಲಲ್ಲಿ ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ದಾಂಡೇಲಿಯ ಒಂದು ಪ್ರಾಥಮಿಕ ಶಾಲೆಗೆ ಬಂದೆ. ಎರಡನೇ ಇಯತ್ತೆ ನನ್ನ ಪಾಲಿಗೆ ಬಂತು. ನಲವತ್ತೆರಡು ಮಕ್ಕಳು. ಕಾಗದದ ಮಿಲ್ಲಿನ ಕೆಲಸಗಾರರ ಮಕ್ಕಳು, ಮೋಟಾರು ರಿಪೇರಿ ಮಾಡುವವರ ಮಕ್ಕಳು, ಜೋಯಿಡಾದ ಕಾಡಿನ ಕಡೆಯಿಂದ ಬಂದವರು, ಊರ ಹೊರಗೆ ಎಮ್ಮೆ ಕಟ್ಟಿಕೊಂಡಿದ್ದ ಗೌಳಿಗರ ಮಕ್ಕಳು. ಊರಲ್ಲಿ ದಿನಾ ಲಾರಿಗಟ್ಟಲೆ ಕಾಗದ ತಯಾರಾಗುತ್ತಿತ್ತು. ನಮ್ಮ ಶಾಲೆಯಲ್ಲಿ ಮಾತ್ರ ಮಕ್ಕಳು ತೆರೆದು ನೋಡುವಂಥ ಒಂದು ಪುಸ್ತಕವೂ ಇರಲಿಲ್ಲ.

೧. ಕೈ ತೊಳೆದದ್ದು

ಮಿಲ್ಲಿನ ಒಬ್ಬ ಸಾಹೇಬರಿಗೆ ವರ್ಗವಾಯಿತು. ಅವರ ಹೆಂಡತಿ ಹೋಗುವಾಗ ತಮ್ಮ ಮಕ್ಕಳ ನಾಲ್ಕು ಚಿತ್ರದ ಪುಸ್ತಕ ಶಾಲೆಗೆ ಕೊಟ್ಟು ಹೋದರು. ದಪ್ಪ ಹಾಳೆ, ಹಾಳೆ ತುಂಬ ಬಣ್ಣದ ಚಿತ್ರ, ಕೆಳಗೆ ಒಂದು ಸಾಲು ಇಂಗ್ಲಿಷು. ನಮ್ಮ ಹೆಡ್‌ಮಾಸ್ತರರು ಬಹಳ ಜೋಪಾನದ ಮನುಷ್ಯರು. ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದರು.

"ಇವನ್ನ ಲೆಕ್ಕ ಕಲಸಾಕ ತಗೋತೇನ್ರಿ ಸರ," ಅಂದೆ.

"ಇವು ಕಥಿ ಪುಸ್ತಕ ಅದಾವಲ್ಲರಿ ಅಕ್ಕೋರ. ಇದರಾಗ ಲೆಕ್ಕ ಎಲ್ಲೈತಿ?"

"ಬಾತುಕೋಳಿ ಅದಾವು, ಆಕಳ ಅದಾವು. ಎಣಸಬಹುದಲ್ಲರಿ."

ಅವರು ಬಹಳ ಹೊತ್ತು ವಿಚಾರ ಮಾಡಿ ಒಪ್ಪಿದರು. ಒಂದೇ ಕರಾರು: ಪ್ರತಿಯೊಂದು ಮಗುವೂ ಕೈ ತೊಳೆದು ಒರೆಸಿಕೊಂಡೇ ಪುಸ್ತಕ ಮುಟ್ಟಬೇಕು. ಮೊದಲ ದಿನ ಹಾಗೇ ಮಾಡಿದೆ. ಶಾಲೆಗೆ ಇದ್ದದ್ದು ಒಂದು ಹಂಡೆ, ಒಂದು ತಂಬಿಗೆ. ಕೊನೆಯ ಮಗು ಕೈ ಒರೆಸಿಕೊಂಡು ಬಂದು ಕೂರುವಷ್ಟರಲ್ಲಿ ತಾಸು ಮುಗಿದು ಗಂಟೆ ಹೊಡೆಯಿತು. ಪುಸ್ತಕ ತೆರೆಯಲೇ ಇಲ್ಲ.

ಹೆಡ್‌ಮಾಸ್ತರರು ಬಾಗಿಲಿಗೆ ಬಂದು ಕೇಳಿದರು, "ಇವತ್ತ ಎಷ್ಟು ಎಣಸಿದ್ರಿ?"

"ಎಂಬತ್ನಾಕು ಕೈ ರೀ," ಅಂದೆ.

೨. ಆಟ

ಜೋಯಿಡಾ ಕಡೆಯ ಒಬ್ಬ ಹುಡುಗ ಹೊಸದಾಗಿ ಸೇರಿದ್ದ. ಮನೆಮಾತು ಕೊಂಕಣಿ. ಕನ್ನಡ ಆಗಷ್ಟೇ ಅವನ ಕಿವಿಗೆ ಬೀಳತೊಡಗಿತ್ತು. ಕೆರೆಯಲ್ಲಿ ಈಜುವ ಬಾತುಕೋಳಿಗಳ ಚಿತ್ರ ಅವನ ಮುಂದಿಟ್ಟು, "ಎಷ್ಟು ಅದಾವಪಾ?" ಎಂದು ಕೇಳಿದೆ.

ಅವನು ಒಂದೊಂದನ್ನೂ ಬೆರಳಿಂದ ಮುಟ್ಟಿ, "ಆಟ," ಅಂದ.

"ಆಟ ಆಮ್ಯಾಲೆ. ಮೊದಲ ಎಣಸು."

ಮತ್ತೆ ಮೊದಲಿನಿಂದ ಮುಟ್ಟಿದ. "ಆಟ."

"ಗಂಟಿ ಆಗಲಿ, ಬಿಡ್ತೇನಿ. ಈಗ ಎಣಸಿ ಹೇಳು."

ಮೂರನೇ ಸಲ ಎಣಿಸುವಾಗ ಅವನ ಕಣ್ಣು ತುಂಬಿದ್ದವು. ಪಕ್ಕದಲ್ಲಿದ್ದ ಹುಡುಗಿಗೆ ತಡೆಯಲಾಗಲಿಲ್ಲ. "ಅಕ್ಕೋರ, ಅವ ಎಂಟು ಅನ್ನಾಕತ್ತಾನ್ರಿ. ಅವರ ಮಾತಿನಾಗ ಎಂಟಕ್ಕ ಹಂಗಽ ಅಂತಾರ್ರಿ."

ನಾನು ಚಿತ್ರ ನೋಡಿದೆ. ಹಿಂದಿನ ದಿನ ಮನೆಯಲ್ಲಿ ಕೂತು ಏಳು ಎಂದು ಬರೆದುಕೊಂಡು ಬಂದಿದ್ದೆ. ಎಂಟನೆಯದು ಜೊಂಡಿನ ಹಿಂದೆ ಬಾಲ ಮಾತ್ರ ತೋರಿಸಿಕೊಂಡು ನಿಂತಿತ್ತು. ನನಗೆ ನಾಚಿಕೆಯಾಯಿತು. ಅವನ ಬೆನ್ನು ಸವರಿ, ತಪ್ಪಿಗೆ ದಂಡ ಎಂಬಂತೆ ಇಡೀ ವರ್ಗವನ್ನು ಆಟಕ್ಕೆ ಬಿಟ್ಟೆ. ಎಲ್ಲರೂ ಬಯಲಿಗೆ ಓಡಿದರು. ಅವನೊಬ್ಬ ಕೂತೇ ಇದ್ದ.

"ನೀನೂ ಹೋಗಪಾ. ಆಟ, ಆಟ," ಅಂದೆ.

ಅವನು ನಿಟ್ಟುಸಿರು ಬಿಟ್ಟು, ಪುಸ್ತಕ ಎಳೆದುಕೊಂಡು ಮತ್ತೆ ಎಣಿಸತೊಡಗಿದ.

೩. ಬಡಕಲಾದ ಆಕಳು

ಹುಲ್ಲುಗಾವಲಿನಲ್ಲಿ ಒಂಬತ್ತು ಆಕಳು ಮೇಯುವ ಚಿತ್ರವೊಂದಿತ್ತು. ಗೌಳಿಗರ ಹುಡುಗಿ ಅದನ್ನು ಎಣಿಸಲು ಸುತರಾಂ ಒಪ್ಪಲಿಲ್ಲ. ಬಾತುಕೋಳಿ ಎಣಿಸುತ್ತಿದ್ದಳು, ಮರ ಎಣಿಸುತ್ತಿದ್ದಳು. ಆಕಳ ಪುಟ ಬಂದರೆ ಎರಡೂ ಕೈ ಬೆನ್ನ ಹಿಂದೆ. ನಾನು ತುಸು ಗದರಿಸಿದೆ. ಮರುದಿನ ಅವಳ ಅಜ್ಜಿ ತಲೆಯ ಮೇಲಿನ ಹಾಲಿನ ಕ್ಯಾನನ್ನು ಶಾಲೆಯ ಕಟ್ಟೆಗೆ ಇಳಿಸಿ ಒಳಗೆ ಬಂದಳು.

"ಅಕ್ಕೋರ, ದನಾ ಎಣಸಬಾರದ್ರಿ. ದೃಷ್ಟಿ ಆಗತೈತಿ. ಹಾಲ ಕಡಿಮಿ ಆಗತಾವು."

"ಅಜ್ಜಿ, ಇವು ನಿಮ್ಮ ದನಾ ಅಲ್ಲ. ಪುಸ್ತಕದಾಗಿನ ಚಿತ್ರ."

"ನಮ್ಮವಲ್ಲ, ಖರೆ. ಯಾರವಾದ್ರೂ ಇರಬೇಕಲ್ಲರಿ? ನೋಡಲಾರದ ಚಿತ್ರ ತಗದಾರೇನು?"

ಚಿತ್ರ ತೋರಿಸಿದರೆ ಸಮಾಧಾನವಾದೀತೆಂದು ಪುಸ್ತಕ ತೆರೆದು ಅವಳ ಮುಂದೆ ಹಿಡಿದೆ. ಅಜ್ಜಿ ಪುಟದ ಮೇಲೆ ಬಗ್ಗಿ, ಒಂದೊಂದು ಆಕಳನ್ನೂ ಸಂತೆಯಲ್ಲಿ ನೋಡುವ ಹಾಗೆ ನೋಡಿದಳು. ಕೆಚ್ಚಲು ನೋಡಿದಳು, ಕೊಂಬು ನೋಡಿದಳು. ಬೇಲಿಯ ಹತ್ತಿರ ನಿಂತ ಒಂದರ ಮೇಲೆ ಅವಳ ಬೆರಳು ನಿಂತಿತು. ಚಿತ್ರ ಬರೆದವರು ಅದಕ್ಕೆ ಪಕ್ಕೆಲುಬಿನ ಗೆರೆ ಸ್ವಲ್ಪ ಹೆಚ್ಚೇ ಎಳೆದಿದ್ದರು.

"ಇದು ಬಡಕಲಾಗೈತಿ ನೋಡ್ರಿ," ಅಂದು ತಲೆಯೆತ್ತಿ ನನ್ನನ್ನೇ ನೋಡಿದಳು. "ನಿನ್ನಿ ಇದನ್ನ ಎಷ್ಟು ಸಲ ಎಣಸಿದ್ರಿ?"

೪. ಆರು ರೊಟ್ಟಿ

ಇನ್ನೊಂದು ಪುಸ್ತಕದಲ್ಲಿ ತಾಯಿಯೊಬ್ಬಳು ಒಲೆಯ ಮುಂದೆ ನಿಂತಿದ್ದಳು. ತಟ್ಟೆಯಲ್ಲಿ ದುಂಡಗಿನ ಆರು ತಿನಿಸು, ಎದುರಿಗೆ ಮೂರು ಮಕ್ಕಳು. ಆ ತಿನಿಸಿನ ಹೆಸರು ನನಗೂ ಗೊತ್ತಿರಲಿಲ್ಲ. ಮಕ್ಕಳು ನೋಡಿದ ಕೂಡಲೇ ರೊಟ್ಟಿ ಅಂದರು, ಅದೇ ಗಟ್ಟಿಯಾಯಿತು.

"ಆರು ರೊಟ್ಟಿ ಮಂದಿಗೆಲ್ಲ ಸರಿಯಾಗಿ ಹಂಚಿದರ ಒಬ್ಬೊಬ್ಬರಿಗೆ ಎಷ್ಟು?"

ಮಿಲ್ಲಿನ ಕೆಲಸಗಾರನ ಮಗಳೊಬ್ಬಳು ಎದ್ದಳು. "ಒಂದೂವರಿ ರೀ."

ಹೆಡ್‌ಮಾಸ್ತರರು ಅದೇ ಹೊತ್ತಿಗೆ ಒಳಗೆ ಬಂದಿದ್ದರು. "ತಪ್ಪು. ಮೂರು ಮಕ್ಕಳು, ಆರು ರೊಟ್ಟಿ. ತಲಾ ಎರಡು," ಅಂದರು.

"ಅವ್ವ ಉಣ್ಣಬ್ಯಾಡೇನ್ರಿ ಸರ?"

ನಾನೂ ಮೂರನ್ನೇ ಎಣಿಸಿದ್ದೆ. ತಾಯಿ ಅಷ್ಟು ದೊಡ್ಡದಾಗಿ ಪುಟದ ನಡುವೆ ನಿಂತಿದ್ದರೂ ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಹೆಡ್‌ಮಾಸ್ತರರು ಸೋಲಲಾರದೆ, "ಹಂಗಾದ್ರ ಅಪ್ಪಗ ಯಾಕ ಇಟ್ಟಿಲ್ಲ?" ಎಂದು ಕೇಳಿದರು.

"ಅಪ್ಪಂದು ಸೆಕೆಂಡ್ ಶಿಫ್ಟ್ ರೀ. ಅವಂಗ ಬುತ್ತಿ ಕಟ್ಟಿ ಕಳಸ್ಯಾಳ."

೫. ಮುಂಡಗೋಡದ ಗಾಡಿ

ವರ್ಷದ ಕೊನೆಗೆ ತಪಾಸಣೆಯ ಸಾಹೇಬರು ಬಂದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಕ್ಕೋರು ಪಾಠ ಬಿಟ್ಟು ಚಿತ್ರ ತೋರಿಸುತ್ತಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಅವರು ಬಂದು ಕೂತು, ಮೇಜಿನ ಮೇಲಿದ್ದ ಪುಸ್ತಕವನ್ನು ತಾವೇ ತೆರೆದರು. ಬಸ್ಸಿನ ಚಿತ್ರ ಬಂತು. ಕಿಟಕಿಗಳಲ್ಲಿ ಎಂಟು ಮುಖ.

"ಈ ಬಸ್ಸಿನಾಗ ಎಂಟು ಮಂದಿ ಅದಾರ. ಮೂರು ಮಂದಿ ಇಳದ್ರು, ಐದು ಮಂದಿ ಹತ್ತಿದ್ರು. ಈಗ ಒಳಗ ಎಷ್ಟು ಮಂದಿ?" ಎಂದು ಕೇಳಿ, ಬೆರಳು ತೋರಿಸಿ ಒಬ್ಬನನ್ನು ಎಬ್ಬಿಸಿದರು. ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ ಸಾಬರ ಮಗ.

ಅವನು ಚಿತ್ರವನ್ನು ಗಮನವಿಟ್ಟು ನೋಡಿ ಕೇಳಿದ, "ಸಾಹೇಬ್ರ, ಇದು ಹಳಿಯಾಳ ಗಾಡಿ ಏನ್ರಿ, ಮುಂಡಗೋಡ ಗಾಡಿ ಏನ್ರಿ?"

"ಯಾವುದರ ಇರಲಿ. ಲೆಕ್ಕ ಹೇಳು."

"ಹಂಗ ಹೇಳಾಕ ಬರೂದಿಲ್ರಿ. ಹಳಿಯಾಳ ಗಾಡಿ ಆದ್ರ ಹತ್ತು ಮಂದಿ. ಮುಂಡಗೋಡದ್ದಾದ್ರ ಒಬ್ಬರೂ ಇಲ್ರಿ."

ನಾನು ಮನಸ್ಸಿನಲ್ಲೇ ಧಾರವಾಡಕ್ಕೆ ಟ್ರಂಕು ಕಟ್ಟತೊಡಗಿದೆ. ಸಾಹೇಬರು ಕನ್ನಡಕ ತೆಗೆದರು. "ಯಾಕ ಒಬ್ಬರೂ ಇಲ್ಲ?"

"ಅದು ನಿನ್ನಿಯಿಂದ ನಮ್ಮ ಗ್ಯಾರೇಜಿನಾಗ ನಿಂತೈತ್ರಿ. ನಮ್ಮ ಅಬ್ಬಾ ಗೇರ್ ಬಾಕ್ಸ್ ಬಿಚ್ಚಿಟ್ಟಾರ. ಮಂದಿ ಎಲ್ಲಾ ಇಳದು ಹ್ವಾದ್ರು."

ಸಾಹೇಬರ ಮುಖ ಬದಲಾಯಿತು. ಅವರು ಮಧ್ಯಾಹ್ನ ಹೋಗಬೇಕಾಗಿದ್ದದ್ದು ಮುಂಡಗೋಡಕ್ಕೇ. ಸ್ವರ ಇಳಿಸಿ ಕೇಳಿದರು, "ಸಂಜಿಗೆ ತಯಾರ ಆಗೂದಿಲ್ಲೇನು?"

"ಸಾಮಾನ ಹುಬ್ಬಳ್ಳಿಯಿಂದ ಬರಬೇಕ್ರಿ. ನಾಳಿ ಮಧ್ಯಾಹ್ನ ಬರ್ರಿ, ಕಿಟಕಿ ಕಡೆ ಜಾಗಾ ಹಿಡದಿಡ್ತೇನಿ."

ಸಾಹೇಬರು ಎದ್ದು, ಕೊಡೆ ತೆಗೆದುಕೊಂಡು ಹೊರಗೆ ಹೋದರು. ಹೆಡ್‌ಮಾಸ್ತರರು ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ಅರ್ಧ ತಾಸಿನ ಮೇಲೆ ಸಾಹೇಬರು ತಿರುಗಿ ಬಂದರು. ಒಂದು ಲೋಟ ನೀರು ಕುಡಿದು, ತಪಾಸಣೆಯ ಅಭಿಪ್ರಾಯ ಬರೆಯುವ ಶಾಲೆಯ ಶೇರಾ ಪುಸ್ತಕ ತರಿಸಿ, ನಿಧಾನವಾಗಿ ನಾಲ್ಕು ಸಾಲು ಬರೆದು ಸಹಿ ಮಾಡಿದರು. ಅವರು ಊಟಕ್ಕೆ ಎದ್ದ ಮೇಲೆ ಹೆಡ್‌ಮಾಸ್ತರರು ನನ್ನನ್ನು ಕರೆದು ಅದನ್ನು ಗಟ್ಟಿಯಾಗಿ ಓದಿದರು:

"ಚಿತ್ರದ ಪುಸ್ತಕಗಳಿಂದ ಗಣಿತ ಕಲಿಸುವ ಪದ್ಧತಿಯನ್ನು ಮುಂದುವರಿಸತಕ್ಕದ್ದು. ಶಿಕ್ಷಕಿಯವರನ್ನು ಕಾಯಂ ಮಾಡಲು ಅಡ್ಡಿಯಿಲ್ಲ. ವಿದ್ಯಾರ್ಥಿಗೆ ಕೇಳಿದ ಲೆಕ್ಕಕ್ಕೆ ಎರಡು ಉತ್ತರ ಬಂದವು. ಮೊದಲನೆಯದು ಸರಿಯಿದೆ. ಎರಡನೆಯದನ್ನು ಖುದ್ದು ಗ್ಯಾರೇಜಿಗೆ ಹೋಗಿ ಪರಿಶೀಲಿಸಲಾಗಿ, ಅದೂ ಸರಿಯಿದೆ."